ಕಲ್ಲು ಸುಡುವ ಸೀಮೆಗೆ ಓದಿ ಹೇಳುವ ಮಕ್ಕಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಯುವಜನರ ಮುಂದೆ ಹವಾಮಾನದ ದೊಡ್ಡ ಕೆಲಸವೊಂದು ಕಾದಿದೆ. ಅದಕ್ಕೆ ಬೇಕಾದ ಮೊದಲ ಸಲಕರಣೆ ಅವರ ಕೈಯಲ್ಲಿ ಆಗಲೇ ಇದೆ.

"ತಮ್ಮಾ, ಇದ್ರಾಗ ಏನ್ ಬರದದ, ಜರಾ ಓದಿ ಹೇಳು."

ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳೆಲ್ಲ ಕೇಳಿ ಬೆಳೆದ ಮಾತಿದು. ಬ್ಯಾಂಕಿನ ನೋಟಿಸು, ಬೆಳೆ ವಿಮೆಯ ರಸೀದಿ, ಪಹಣಿ, ದವಾಖಾನೆಯ ಚೀಟಿ, ಯಾವ ಕಾಗದ ಬಂದರೂ ಅಜ್ಜ ಅದನ್ನು ಮೊಮ್ಮಕ್ಕಳ ಕೈಗಿಡುತ್ತಾನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ಈ ಜಿಲ್ಲೆಯದು ಶೇ 65ರ ಆಸುಪಾಸಿನಲ್ಲಿತ್ತು. ಹಾಗಾಗಿ ಇಲ್ಲಿ ಓದು ಬಂದವರು ಎಳೆ ವಯಸ್ಸಿನಲ್ಲೇ ಮನೆಯ ದೊಡ್ಡವರಾಗುತ್ತಾರೆ. ಒಂದು ಸಾಲು ತಪ್ಪಿ ಓದಿದರೆ ಹೊಲವೇ ಹೋದೀತು ಎಂಬ ಎಚ್ಚರ ಅವರಿಗೆ ಹತ್ತನೇ ತರಗತಿಗೆ ಮೊದಲೇ ಬಂದಿರುತ್ತದೆ.

ಮನೆಯೊಳಗೆ ನಡೆಯುವ ಈ ಓದು ಊರ ಕಟ್ಟೆಗೆ ಬರಬೇಕು ಎಂಬುದೇ ಈ ಲೇಖನದ ಕಾಳಜಿ. ಹವಾಮಾನ ಬದಲಾವಣೆ ಎಂದೊಡನೆ ಸಸಿ, ಬ್ಯಾನರು, ಜಾಥಾ ನೆನಪಾಗುತ್ತವೆ. ಸಸಿ ಬೇಕು, ನಿಜ. ಆದರೆ ಈ ಸೀಮೆಯ ಗಾಳಿ, ನೀರು, ನೆಲದ ಭವಿಷ್ಯ ಬರೆದಿಟ್ಟಿರುವುದು ಕಾಗದಗಳಲ್ಲಿ. ಅವನ್ನು ಊರಿಗೆ ಓದಿ ಹೇಳುವವರು ಬೇಕು.

ಒಂದು ಟನ್ ಕಲ್ಲಿನ ಲೆಕ್ಕ

ಕಲಬುರಗಿಯಿಂದ ರೈಲು ಹತ್ತಿದರೆ ಮೊದಲು ಶಹಾಬಾದ್, ಆಮೇಲೆ ವಾಡಿ ಜಂಕ್ಷನ್. ಅಲ್ಲಿಂದ ಸಿಕಂದರಾಬಾದಿನ ಕಡೆಗೆ ಕವಲೊಡೆಯುವ, ನಿಜಾಮರ ಕಾಲದಲ್ಲಿ 1874ರಲ್ಲಿ ಶುರುವಾದ ಹಳಿಯ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದಾದ ಮೇಲೊಂದು ಬರುತ್ತವೆ. ಚಿಂಚೋಳಿಗೆ ಮಾತ್ರ ರೈಲಿಲ್ಲ, ರಸ್ತೆಯೇ ಗತಿ. ಈ ದಾರಿಯುದ್ದಕ್ಕೂ ನೆಲದಡಿಯಲ್ಲಿ ಇರುವುದು ಸುಣ್ಣದಕಲ್ಲು. ಭೂವಿಜ್ಞಾನಿಗಳು ಇದಕ್ಕೆ ಶಹಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿ ಕೋಟೆ ಕಟ್ಟಿಕೊಂಡದ್ದು ಇದೇ ಕಲ್ಲಿನಿಂದ. ನಮ್ಮ ಮನೆಗಳ ನೆಲಕ್ಕೆ ಹಾಸಿದ್ದು, ಮಾಳಿಗೆಗೆ ಹೊದಿಸಿದ್ದು ಇದೇ ಕಲ್ಲು. ಈಗ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಬೇಯುತ್ತಿರುವುದೂ ಇದೇ.

ಪಿಯುಸಿ ವಿಜ್ಞಾನ ಓದಿದ ಯಾರು ಬೇಕಾದರೂ ಈ ಲೆಕ್ಕ ಮಾಡಬಹುದು. ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಂಕಿಗೆ ಬಿದ್ದಾಗ ಅದು ಸುಣ್ಣವಾಗಿ, ಇಂಗಾಲದ ಡೈ ಆಕ್ಸೈಡಾಗಿ ಒಡೆಯುತ್ತದೆ. ಶುದ್ಧ ಕಲ್ಲು ಒಂದು ಟನ್ ಸುಟ್ಟರೆ 560 ಕಿಲೊ ಸುಣ್ಣ ಉಳಿದು, 440 ಕಿಲೊ ಅನಿಲ ಆಕಾಶ ಸೇರುತ್ತದೆ. ಗೂಡನ್ನು 1,450 ಡಿಗ್ರಿವರೆಗೆ ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಸೇರಿಲ್ಲ. ಜಗತ್ತು ಹೊರಹಾಕುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟಿನದೇ ಪಾಲು. ದೇಶಕ್ಕೆ ಮನೆ, ಸೇತುವೆ ಕಟ್ಟಿಕೊಟ್ಟ, ಇಲ್ಲಿನ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಉದ್ಯಮವಿದು. ಅದನ್ನು ಮರೆಯಬಾರದು. ಬೆಲೆ ಎಷ್ಟು ತೆರುತ್ತಿದ್ದೇವೆಂಬುದನ್ನೂ ಮರೆಯಬಾರದು.

ಅದೇ ಒಂದು ಟನ್ ಕಲ್ಲಿಗೆ ಇನ್ನೊಂದು ಲೆಕ್ಕವಿದೆ. 2014ರ ದರದಂತೆ ಸಿಮೆಂಟಿಗೆ ಬಳಸುವ ಸುಣ್ಣದಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. 2015ರಲ್ಲಿ ಜಾರಿಗೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಯಮದ ಪ್ರಕಾರ ಹಳೆಯ ಗುತ್ತಿಗೆದಾರರು ಆ ರಾಜಧನದ ಮೇಲೆ ಶೇ 30, ಹರಾಜಿನಲ್ಲಿ ಗಣಿ ಪಡೆದವರು ಶೇ 10 ಹೆಚ್ಚಿಗೆ ಕಟ್ಟಬೇಕು. ಅಂದರೆ ಟನ್ನಿಗೆ 24 ಅಥವಾ 8 ರೂಪಾಯಿ. ಈ ಹಣ ಇರುವುದೇ ಗಣಿಯಿಂದ ಬಾಧೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ. ನಮ್ಮೂರಿನ ಹೆಸರು ಆ ಪಟ್ಟಿಯಲ್ಲಿದೆಯೇ? ಎಷ್ಟು ಬಂತು, ಯಾವುದಕ್ಕೆ ಹೋಯಿತು? ಈ ಪ್ರಶ್ನೆ ಕೇಳಲು ದೊಡ್ಡ ಸಂಘಟನೆ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಸಾಕು.

ಬಿಸಿಲು, ನೆರೆ, ಗುಳೆ

ಆಕಾಶ ಸೇರಿದ ಆ ಅನಿಲದ ಬಿಸಿ ನೆಲಕ್ಕೆ ತಟ್ಟದೆ ಬಿಡುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಯವರಿಗೆ ಬಿಸಿಲು ತಪ್ಪಿಸಿಕೊಳ್ಳುವ ವೇಳಾಪಟ್ಟಿಯಿದೆ. ಖಣಿಯಲ್ಲಿ ಪರಸಿ ಕಲ್ಲು, ಅಂದರೆ ಹಾಸುಗಲ್ಲು, ಬಿಡಿಸುವವನಿಗೆ, ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿಗೆ ಅಂಥ ವೇಳಾಪಟ್ಟಿಯಿಲ್ಲ.

ಇದು ತೊಗರಿಯ ಕಣಜ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಎರೆಭೂಮಿಯಲ್ಲಿ ಆಳಕ್ಕೆ ಬೇರಿಳಿಸಿ ಬರ ತಾಳುವ ಈ ಬೆಳೆ ಬೇರಿನಡಿ ನೀರು ನಿಂತರೆ ತಾಳದು. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಉಕ್ಕಿದವು. 2025ರ ಮಳೆಗಾಲದಲ್ಲಿ ಮತ್ತೆ ಉಕ್ಕಿದವು. ಕೊಯ್ಲಿನ ಆಸೆ ನೀರಲ್ಲಿ ಕೊಳೆತಾಗ ಮನೆಯ ಹರೆಯದವರು ಚೀಲ ಕಟ್ಟುತ್ತಾರೆ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದು ಹಳೆಯ ಕಥೆ. ಊರಿಗಾಗಿ ಮಾತಾಡಬೇಕಾದ ದನಿಗಳೇ ವರ್ಷಕ್ಕೆ ಆರು ತಿಂಗಳು ಊರಲ್ಲಿಲ್ಲ. ಹವಾಮಾನದ ಪೆಟ್ಟು ಬೆಳೆಗಷ್ಟೇ ಬೀಳುತ್ತಿಲ್ಲ, ಗ್ರಾಮಸಭೆಗೂ ಬೀಳುತ್ತಿದೆ.

ಓದಿ ಹೇಳಲೇಬೇಕು ಎನ್ನುವ ಕಾನೂನು

ಹೊಸ ಗಣಿಯೋ ಕಾರ್ಖಾನೆಯ ವಿಸ್ತರಣೆಯೋ ಬರುವಾಗ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಶಾಮಿಯಾನ, ಪೊಲೀಸರು, ವೇದಿಕೆ ತುಂಬ ಅಧಿಕಾರಿಗಳು. ಅದನ್ನು ನೋಡಿಯೇ "ನಾವ್ ಹೇಳಿದ್ರ ಯಾರ್ ಕೇಳ್ತಾರ್ರಿ?" ಎಂದು ಹಿಂದೆ ಸರಿಯುವವರು ಬಹಳ. ಆದರೆ ಆ ಅಧಿಸೂಚನೆಯನ್ನು ಪೂರ್ತಿ ಓದಿದವರಿಗೆ ಬೇರೆಯದೇ ಚಿತ್ರ ಸಿಗುತ್ತದೆ.

ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಸಾರಾಂಶ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಅದು ಜನರಿಗೆ ಸಿಗಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಎಲ್ಲಕ್ಕಿಂತ ಮುಖ್ಯವಾದ ಎರಡು ಮಾತು ಕೇಳಿ. ಒಂದು: ಈ ಸಭೆಗೆ ಕೋರಂ ಇಲ್ಲ. ಇಷ್ಟೇ ಜನ ಇರಬೇಕೆಂಬ ನಿಯಮವಿಲ್ಲದ್ದರಿಂದ ಊರಿನವರು ಬರದಿದ್ದರೂ ಸಭೆ ನಡೆದೇ ನಡೆಯುತ್ತದೆ. ಮನೆಯಲ್ಲಿ ಕೂತು ಮಾಡಿದ ಬಹಿಷ್ಕಾರಕ್ಕೆ ದಾಖಲೆಯಲ್ಲಿ ಜಾಗವಿಲ್ಲ. ಎರಡು: ಸಭೆ ಮುಗಿಯುವ ಮುಂಚೆ, ಯಾರು ಏನು ಹೇಳಿದರೆಂಬ ನಡಾವಳಿಯ ಸಾರಾಂಶವನ್ನು ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಆಮೇಲೆಯೇ ಸಹಿ.

ನಮ್ಮ ಅಜ್ಜ ಕೇಳುವುದನ್ನೇ ಕಾನೂನೂ ಹೇಳುತ್ತಿದೆ: ಓದಿ ಹೇಳು. ಶಾಮಿಯಾನದಿಂದ ಎದ್ದು ಹೋಗದೆ, "ನಾವು ಹೇಳಿದ್ದು ಬರ್ಕೊಂಡಿರೇನ್ರಿ? ಓದ್ರಿ ಕೇಳೋಣ" ಎನ್ನುವ ಹತ್ತು ಜನ ಹುಡುಗ ಹುಡುಗಿಯರು ಇದ್ದರೆ ಆ ಸಭೆಯ ತೂಕವೇ ಬದಲಾಗುತ್ತದೆ.

ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಅನುಮತಿ ಪಡೆದವರು ಷರತ್ತುಗಳನ್ನು ಎಷ್ಟು ಪಾಲಿಸಿದ್ದೇವೆಂದು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ. ಆ ವರದಿಗಳು ಸಾರ್ವಜನಿಕ ದಾಖಲೆಗಳು. ದೂಳು ಎಷ್ಟು, ಹಸಿರು ಪಟ್ಟಿ ಎಷ್ಟು, ಖಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬ ವಿವರ ಅವುಗಳಲ್ಲಿರುತ್ತದೆ. ಸೂಕ್ಷ್ಮ ದೂಳಿನ ಕಣ, ಅಂದರೆ ಪಿಎಂ 10, ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೊಗ್ರಾಂ ಮೀರಬಾರದೆಂಬುದು 2009ರಿಂದ ದೇಶದ ಮಾನದಂಡ. ವರದಿಯ ಅಂಕಿಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಊರಿಗೆ ಓದಿ ಹೇಳುವುದು ಒಬ್ಬ ಪದವಿ ವಿದ್ಯಾರ್ಥಿಯ ಒಂದು ಭಾನುವಾರದ ಕೆಲಸ.

ಸನ್ನತಿಯ ಕಲ್ಲು ಹೇಳುವುದು

ಈ ಸೀಮೆಗೆ ಓದಿ ಹೇಳುವುದು ಹೊಸತಲ್ಲ. ಚಿತ್ತಾಪುರದ ಕಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, 1980ರ ದಶಕದ ಕೊನೆಯಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸ್ಥಳೀಯ ಸುಣ್ಣದಕಲ್ಲಿನಲ್ಲೇ ಕೆತ್ತಿದ, 'ರಾಯೋ ಅಸೋಕೋ' ಎಂಬ ಬ್ರಾಹ್ಮಿ ಬರಹವಿರುವ ರಾಜನ ಶಿಲ್ಪ ಸಿಕ್ಕಿದ್ದು ಜಗತ್ತಿಗೇ ಸುದ್ದಿಯಾಯಿತು. ಸನ್ನತಿಯ ಆ ಕಲ್ಲಿನ ಮೇಲೆ, ಒಡಿಶಾದ ಧೌಲಿ, ಜೌಗಡದಲ್ಲಿ ದೊರೆತ ವಿಶೇಷ ಶಾಸನಗಳೂ ಇವೆ. ಅವು ಅಧಿಕಾರಿಗಳಿಗೆ ಬರೆದಂಥವು. ಪ್ರಜೆಗಳನ್ನು ಮಕ್ಕಳಂತೆ ಕಾಣಿ, ಪಕ್ಷಪಾತ ಮಾಡಬೇಡಿ ಎಂದು ಎಚ್ಚರಿಸಿ, ಈ ಮಾತನ್ನು ಗೊತ್ತುಪಡಿಸಿದ ದಿನಗಳಲ್ಲಿ ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂದು ವಿಧಿಸಿದಂಥವು.

ಕೋರಂ ಬೇಡ, ಒಬ್ಬನಿದ್ದರೂ ಓದಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಆಜ್ಞೆ ನಮ್ಮ ನೆಲದಲ್ಲೇ ಹೂತು ಕೂತಿತ್ತು. ಸನ್ನತಿಗೆ ಶಾಲಾ ಪ್ರವಾಸ ಹೋದ ಮಕ್ಕಳಿಗೆ ರಾಜನ ಹೆಸರಿನ ಜೊತೆಗೆ ಈ ಮಾತನ್ನೂ ಹೇಳಿಕೊಡಬೇಕು.

ಕುಂದಾಪುರದ ಮಕ್ಕಳು, ಕೊಪ್ಪಳದ ಹಳ್ಳ

ಹರೆಯದವರ ಮಾತನ್ನು ಪಂಚಾಯಿತಿ ಕೇಳಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಕರಾವಳಿಯ ಕುಂದಾಪುರ ತಾಲ್ಲೂಕಿನಲ್ಲಿ ಬೇರುಬಿಟ್ಟಿತು. 1995ರಲ್ಲಿ ಅಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳು ಮನೆಮನೆಗೆ ಹೋಗಿ ತಾವೇ ಲೆಕ್ಕ ಹಾಕಿ, ನೀರು, ಶಾಲೆ, ಹಳ್ಳ ದಾಟುವ ದಾರಿಯ ಕಷ್ಟವನ್ನು ದೊಡ್ಡವರ ಮುಂದಿಟ್ಟರು. 2004ರ ಹೊತ್ತಿಗೆ ಆ ತಾಲ್ಲೂಕಿನ ಪಂಚಾಯಿತಿಗಳ ಯೋಜನೆಯಲ್ಲೇ ಮಕ್ಕಳ ಪಾಲಿತ್ತು. ಮುಂದೆ ಸರ್ಕಾರ ರಾಜ್ಯದ ಗ್ರಾಮ ಪಂಚಾಯಿತಿಗಳೆಲ್ಲ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಇಂದು ಸೇಡಮ್ಮಿನ ಹಳ್ಳಿಯಲ್ಲಿ ಎಂಟನೇ ತರಗತಿ ಹುಡುಗಿ ಮೈಕ್ ಹಿಡಿದು "ನಮ್ ಸಾಲ್ಯಾಗ ನೀರಿಲ್ರಿ" ಎನ್ನಬಹುದಾದರೆ ಅದರ ಹಿಂದೆ ಆ ಮಕ್ಕಳ ಬೆವರಿದೆ.

ಹತ್ತಿರದ್ದೇ ಇನ್ನೊಂದು ಉದಾಹರಣೆ ಕೊಪ್ಪಳ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದರು. ಜಾಲಿ, ಹೂಳು, ಕಸ ತುಂಬಿದ್ದ ಹಳ್ಳಕ್ಕೆ ವಿದ್ಯಾರ್ಥಿಗಳು, ರೈತರು, ಅಧಿಕಾರಿಗಳು ಅವರ ಹಿಂದೆಯೇ ಇಳಿದರು. ಹಳ್ಳ ಮತ್ತೆ ಹರಿಯಿತು. ಹಿರಿಯರೊಬ್ಬರು ಮುಂದೆ ನಿಂತರೆ ಹರೆಯದವರ ಶಕ್ತಿ ಎಷ್ಟೆಂಬುದಕ್ಕೆ ಇದು ಸಾಕ್ಷಿ. ಕಾಗಿಣಾ, ಮುಲ್ಲಾಮಾರಿ ದಂಡೆಗಳಲ್ಲೂ ಮಠಗಳಿವೆ, ದರ್ಗಾಗಳಿವೆ, ಕಾಲೇಜುಗಳಿವೆ. ಕರೆಯುವ ದನಿಯಷ್ಟೇ ಬೇಕು.

ಅದೇ ಕಲ್ಲಿನ ತಂಪು

ಓದಿ ಹೇಳುವುದು ಒಂದು ಕೈಯಾದರೆ ಮಾಡಿ ತೋರಿಸುವುದು ಇನ್ನೊಂದು ಕೈ. ಮಾಳಿಗೆಗೆ ಸುಣ್ಣ ಬಳಿಯುವುದನ್ನೇ ತೆಗೆದುಕೊಳ್ಳಿ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗೆ ಮಲಗಿದವರಿಗೆ ತಂಪು. ಬಳಿದ ಸುಣ್ಣ ಒಣಗುತ್ತ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಬಿಟ್ಟುಕೊಟ್ಟದ್ದರ ಒಂದು ಪಾಲನ್ನು ಗೋಡೆಯ ಮೇಲೆ ವಾಪಸು ಪಡೆಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಛಾವಣಿ ನೀತಿ ತಂದಿದೆ. ಶಹಾಬಾದ್, ವಾಡಿಯ ಓಣಿಯೊಂದರಲ್ಲಿ ಎನ್ನೆಸ್ಸೆಸ್ ವಿದ್ಯಾರ್ಥಿಗಳು ಹತ್ತು ಮನೆಗೆ ಸುಣ್ಣ ಬಳಿದು, ಇನ್ನು ಹತ್ತನ್ನು ಹಾಗೇ ಬಿಟ್ಟು, ಮೇ ತಿಂಗಳಿಡೀ ಎರಡೂ ಕಡೆ ಉಷ್ಣಮಾಪಕ ಇಟ್ಟು ಬರೆದುಕೊಂಡರೆ ನಗರಸಭೆ ಅಥವಾ ಪುರಸಭೆಯ ಮುಂದಿಡಲು ಒಂದು ಪುರಾವೆ ಸಿದ್ಧ.

ಚಿಂಚೋಳಿಯ ಕೆಲಸ ಬೇರೆ ಬಗೆಯದು. ಅಲ್ಲಿ 2011ರಲ್ಲಿ ಘೋಷಣೆಯಾದ ಸುಮಾರು 134 ಚದರ ಕಿ.ಮೀ. ವನ್ಯಧಾಮವಿದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂಬ ಹೆಸರಿದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಿನ ಆ ಕಾಡನ್ನು ಪುಸ್ತಕದಿಂದಲ್ಲ, ಕಾಲಿನಿಂದ ಬಲ್ಲವರು ತಾಂಡಾದ ಹಿರಿಯರು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಒಂದು ಸಮಿತಿ, ಅದಕ್ಕೊಂದು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ಹಿರಿಯರ ಪಕ್ಕ ಕೂತು ಗಿಡದ ಹೆಸರು, ಅದರ ಔಷಧಿ, ಅದು ಹೂ ಬಿಡುವ ತಿಂಗಳು ಬರೆದುಕೊಳ್ಳುವ ಮೊಮ್ಮಕ್ಕಳು ಬೇಕು. ಇಲ್ಲಿ ಹೇಳುವವರು ಹಿರಿಯರು, ಬರೆಯುವವರು ಕಿರಿಯರು.

ಕಟ್ಟೆಯ ಮೇಲೊಂದು ಪಾಟಿ

ಸಂವಿಧಾನದ 61ನೇ ತಿದ್ದುಪಡಿ 18 ತುಂಬಿದವರಿಗೆ ಮತ ಕೊಟ್ಟಿದೆ. 21 ತುಂಬಿದರೆ ಪಂಚಾಯಿತಿಗೆ ನಿಲ್ಲಬಹುದು. ಅಷ್ಟು ವಯಸ್ಸಾಗುವವರೆಗೆ ಮಕ್ಕಳ ಗ್ರಾಮಸಭೆಯಿದೆ. ಬಾಗಿಲುಗಳು ಇವೆ. ಒಮ್ಮೆ ತಟ್ಟಿ ಹೋದವರು ಮತ್ತೆ ಬಂದು ತಟ್ಟುವುದಿಲ್ಲ ಎಂಬುದೇ ನಮ್ಮ ಕೊರತೆ. ಸಭೆಯಲ್ಲಿ ಕೇಳಿದ ಬೇಡಿಕೆ ಮುಂದಿನ ಸಭೆಯವರೆಗೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಅದಕ್ಕೆ ಒಂದು ಸಣ್ಣ ಸಲಹೆ. ನಮ್ಮಲ್ಲಿ ಹಾಸುಗಲ್ಲಿಗೆ ಬರವಿಲ್ಲ. ಒಂದು ಪರಸಿ ಕಲ್ಲನ್ನು ಊರ ಕಟ್ಟೆಯ ಮೇಲೆ ನಿಲ್ಲಿಸಿ. ದಿನಾ ಬೆಳಿಗ್ಗೆ ಒಬ್ಬ ಹುಡುಗ ಅಥವಾ ಹುಡುಗಿ ಅದರ ಮೇಲೆ ಸೀಮೆಸುಣ್ಣದಲ್ಲಿ ನಿನ್ನೆಯ ಬಿಸಿಲು, ನಿನ್ನೆಯ ಮಳೆ ಬರೆಯಲಿ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕ ಇಟ್ಟಿದೆ, ಅಂಕಿ ಸಿಗುತ್ತದೆ. ಅದರ ಕೆಳಗೆ ಕಳೆದ ಗ್ರಾಮಸಭೆಯ ಮೂರು ಬೇಡಿಕೆ, ಅವು ಎಲ್ಲಿಗೆ ಬಂದಿವೆ ಎಂಬುದು ಇರಲಿ. ಜೂನ್ 1, ಡಿಸೆಂಬರ್ 1 ಬಂದಾಗ ಕಾರ್ಖಾನೆಯ ವರದಿಯ ದೂಳಿನ ಅಂಕಿಯೂ ಬರಲಿ.

ಗುಳೆ ಹೋದ ಅಣ್ಣ ಹಬ್ಬಕ್ಕೆ ಬಂದಾಗ ಮೊದಲು ಆ ಕಲ್ಲಿನ ಮುಂದೆ ನಿಲ್ಲುತ್ತಾನೆ. ಓದು ಬಾರದ ಅಜ್ಜ ಕೋಲೂರಿಕೊಂಡು ಅಲ್ಲಿಗೇ ಬರುತ್ತಾನೆ. ಅವನು ಕೇಳುವ ಮಾತು ಬದಲಾಗುವುದಿಲ್ಲ.

"ಯವ್ವಾ, ಇದ್ರಾಗ ಏನ್ ಬರದದ, ಜರಾ ಓದಿ ಹೇಳು."

ಆ ಹುಡುಗಿ ಓದುತ್ತಾಳೆ. ಈ ಸಲ ಅದು ಅಜ್ಜನೊಬ್ಬನ ಕಾಗದವಲ್ಲ, ಇಡೀ ಊರಿನದು.