ನಮ್ಮ ರಾಜ್ಯ: ಹೆಸರು ಬಂದದ್ದು ಹೇಗೆ, ಗುರುತುಗಳು ಯಾವುವು?

 

ಪ್ರತಿ ವರ್ಷ ನವೆಂಬರ್ 1ರಂದು ನಾವೆಲ್ಲ ರಾಜ್ಯೋತ್ಸವ ಆಚರಿಸುತ್ತೇವೆ. ನಮ್ಮ ನಿಡಘಟ್ಟ, ಮದ್ದೂರು, ಮಂಡ್ಯ ಎಲ್ಲ ಮೊದಲಿಂದಲೂ ಮೈಸೂರು ಸೀಮೆಯಲ್ಲೇ ಇದ್ದವು. ಹಾಗಾದರೆ ಆ ದಿನ ನಮಗೆ ಹೊಸದಾಗಿ ಸಿಕ್ಕಿದ್ದೇನು? ಬನ್ನಿ, ತಿಳಿಯೋಣ.

ಚೂರು ಚೂರಾಗಿದ್ದ ನಾಡು

ಮೊದಲು ಕನ್ನಡಿಗರು ಒಂದೇ ಆಡಳಿತದಲ್ಲಿ ಇರಲಿಲ್ಲ. ನಾವು ಮೈಸೂರು ಮಹಾರಾಜರ ಪ್ರಜೆಗಳು. ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬಯಿ ಪ್ರಾಂತ್ಯದವರು. ಬೀದರ್, ಕಲಬುರಗಿ, ರಾಯಚೂರಿನವರು ಹೈದರಾಬಾದ್ ನಿಜಾಮರ ಪ್ರಜೆಗಳು. ಮಂಗಳೂರು ಮದ್ರಾಸಿಗೆ ಸೇರಿತ್ತು. ಕೊಡಗು ಬೇರೆಯೇ ಇತ್ತು. ಅಷ್ಟು ದೂರ ಯಾಕೆ? ನಮ್ಮ ಮಳವಳ್ಳಿಯಿಂದ ಕಾವೇರಿ ಹೊಳೆ ದಾಟಿದರೆ ಸಿಗೋ ಕೊಳ್ಳೇಗಾಲವೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು! ಹೊಳೆಯ ಈ ದಡ ಒಂದು ರಾಜ್ಯ, ಆ ದಡ ಇನ್ನೊಂದು ರಾಜ್ಯ. ಮಾತು ಮಾತ್ರ ಎರಡೂ ಕಡೆ ಕನ್ನಡವೇ.

ಇವರೆಲ್ಲ ಒಂದಾಗಬೇಕು ಅಂತ ಆಲೂರು ವೆಂಕಟರಾಯರು ಮತ್ತು ಇನ್ನೂ ಅನೇಕರು ಊರೂರು ತಿರುಗಿದರು. ನಮ್ಮ ಹಳೇ ಮೈಸೂರಿನ ಕೆಲವು ಮುಖಂಡರಿಗೆ ಮಾತ್ರ ಇದು ಇಷ್ಟವಿರಲಿಲ್ಲ. ಮುಂದುವರಿದ ನಮ್ಮ ರಾಜ್ಯಕ್ಕೆ ಹಿಂದುಳಿದ ಜಿಲ್ಲೆಗಳು ಸೇರಿದರೆ ಭಾರವಾಗುತ್ತೆ ಅನ್ನೋದು ಅವರ ಅಂಜಿಕೆ. ಆದರೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ಕವಿ ಕುವೆಂಪು ಅವರು ಏಕೀಕರಣದ ಪರ ನಿಂತರು. ಕೊನೆಗೆ 1956ರ ನವೆಂಬರ್ 1ರಂದು ಎಲ್ಲರೂ ಒಂದಾದರು. ಎಸ್. ನಿಜಲಿಂಗಪ್ಪನವರು ಮೊದಲ ಮುಖ್ಯಮಂತ್ರಿಯಾದರು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು.

ಹೆಸರು ಬಂದದ್ದು 17 ವರ್ಷ ಆದಮೇಲೆ

ಒಂದಾದರೂ ರಾಜ್ಯದ ಹೆಸರು ಮೈಸೂರು ಅಂತಲೇ ಉಳಿಯಿತು. ಧಾರವಾಡದವರಿಗೆ, ಕಲಬುರಗಿಯವರಿಗೆ ಹೇಗನ್ನಿಸಿರಬೇಡ? ಮನೆಯಲ್ಲಿ ಎಲ್ಲರೂ ಇದ್ದು, ಬಾಗಿಲ ಮೇಲೆ ಒಬ್ಬರ ಹೆಸರು ಮಾತ್ರ ಬರೆದ ಹಾಗೆ. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು. ಆಗ ಮುಖ್ಯಮಂತ್ರಿ ಡಿ. ದೇವರಾಜ ಅರಸು. ಅವರು ಮೈಸೂರು ಜಿಲ್ಲೆಯ ಹುಣಸೂರಿನ ಕಡೆಯವರೇ ಅನ್ನೋದನ್ನು ನೆನಪಿಡಿ.

ನಮ್ಮ ಜನ

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ನಮ್ಮ ಮಂಡ್ಯ ಜಿಲ್ಲೆಯದು ಸುಮಾರು 18 ಲಕ್ಷ. ನೂರು ಜನರಲ್ಲಿ ಸುಮಾರು 66 ಜನರ ಮನೆಮಾತು ಕನ್ನಡ. ಉಳಿದವರ ಮನೆಯಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ ಮುಂತಾದ ಮಾತುಗಳಿವೆ. ಅವರೂ ಈ ನಾಡಿನವರೇ. 2021ರಲ್ಲಿ ವಿಜಯನಗರ ಸೇರಿ ಜಿಲ್ಲೆಗಳು 31 ಆದವು.

ರಾಜ್ಯದ ಗುರುತುಗಳು

ಲಾಂಛನ: ಗಂಡಭೇರುಂಡ, ಅಂದರೆ ಎರಡು ತಲೆಯ ಹಕ್ಕಿ. ಇದು ಮೈಸೂರು ಅರಸರ ಲಾಂಛನವೂ ಆಗಿತ್ತು. ಎರಡು ಪಕ್ಕದಲ್ಲಿ ಸಿಂಹದ ಮೈ, ಆನೆಯ ತಲೆ ಇರುವ ಪ್ರಾಣಿಗಳು. ಮೇಲೆ ಅಶೋಕ ಸ್ತಂಭದ ಸಿಂಹಗಳು.
ಪ್ರಾಣಿ: ಆನೆ.
ಪಕ್ಷಿ: ನೀಲಕಂಠ. ಹೊಲದ ಕಡೆ ಕರೆಂಟು ತಂತಿ ಮೇಲೆ ಕೂತಿರುತ್ತೆ. ಕೂತಾಗ ಕಂದು, ಹಾರಿದಾಗ ರೆಕ್ಕೆಯೆಲ್ಲ ನೀಲಿ!
ಮರ: ಶ್ರೀಗಂಧ.
ಹೂವು: ತಾವರೆ.
ನಾಡಗೀತೆ: ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'. 2004ರಲ್ಲಿ ನಾಡಗೀತೆಯಾಯಿತು.
ಬಾವುಟ: ಹಳದಿ ಕೆಂಪು ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದವರು ಕನ್ನಡ ಹೋರಾಟಗಾರ ಮ. ರಾಮಮೂರ್ತಿ. ಇದು ಸರ್ಕಾರ ಕೊಟ್ಟ ಬಾವುಟವಲ್ಲ, ಜನರೇ ಎತ್ತಿ ಹಿಡಿದದ್ದು.

ಬಾವುಟದ ಬೆಲೆ ನಮ್ಮ ತಾಲ್ಲೂಕಿಗೆ ಚೆನ್ನಾಗಿ ಗೊತ್ತು

ಇಲ್ಲಿಂದ ಮೈಸೂರು ಕಡೆ ಹೋಗೋ ಬಸ್ಸು ಹತ್ತಿದರೆ ಮದ್ದೂರಿನಲ್ಲಿ ಶಿವಪುರ ಸಿಗುತ್ತೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಅಲ್ಲಿ ಸ್ವಾತಂತ್ರ್ಯ ಹೋರಾಟದ ತ್ರಿವರ್ಣ ಬಾವುಟ ಹಾರಿಸಬಾರದು ಅಂತ ಆಗಿನ ಸರ್ಕಾರ ಆಜ್ಞೆ ಹೊರಡಿಸಿತ್ತು. ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಆಜ್ಞೆ ಮೀರಿ ಹಾರಿಸಿದರು, ಬಂಧನಕ್ಕೂ ಒಳಗಾದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಗಿ ಹಲವರು ಸತ್ತರು. ಆಮೇಲೆ ಸರ್ಕಾರ ರಾಜಿಗೆ ಬಂದು, ಮೈಸೂರು ಬಾವುಟದ ಜೊತೆ ಇದನ್ನೂ ಹಾರಿಸಲು ಒಪ್ಪಿತು. ಶಿವಪುರದ ಸತ್ಯಾಗ್ರಹ ಸೌಧ ಅದರ ನೆನಪಿಗೆ ಕಟ್ಟಿದ್ದು.

ಈಗ ಮೊದಲಿನ ಪ್ರಶ್ನೆಗೆ ಉತ್ತರ: 1956ರಲ್ಲಿ ನಮಗೆ ಸಿಕ್ಕಿದ್ದು ಬೀದರಿನಿಂದ ಕೊಳ್ಳೇಗಾಲದವರೆಗಿನ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರಿಗೋಸ್ಕರ 1973ರಲ್ಲಿ ನಾವು 'ಮೈಸೂರು' ಎಂಬ ಹೆಸರು ಬಿಟ್ಟುಕೊಟ್ಟೆವು. ಅದರಿಂದ ನಮಗೇನೂ ಕಡಿಮೆ ಆಗಲಿಲ್ಲ.

ಗೆಳೆಯರೇ, ನಿಮಗೊಂದು ಕೆಲಸ: ಭೂಪಟದಲ್ಲಿ ಬೀದರ್ ಎಲ್ಲಿದೆ, ನಿಡಘಟ್ಟ ಎಲ್ಲಿ ಬರುತ್ತೆ ಹುಡುಕಿ. ಎರಡರ ನಡುವೆ ಎಷ್ಟು ಜಿಲ್ಲೆ ಬರುತ್ತವೆ ಎಣಿಸಿ, ಪಕ್ಕದವರಿಗೂ ತೋರಿಸಿ.