ಕಡತ ಬದಲಾಯಿತೆಂದು ತಿಳಿಸುವವರಾರು?

ಗಣಕಯಂತ್ರದಲ್ಲಿ ಕಡತವೊಂದು ಬದಲಾಯಿತೇ ಎಂದು ಕ್ಷಣಕ್ಷಣಕ್ಕೂ ತೆರೆದು ನೋಡುವುದು, ಅಂಚೆ ಬಂದಿತೇ ಎಂದು ಗಳಿಗೆಗೊಮ್ಮೆ ಬಾಗಿಲಿಗೆ ಓಡಿದಂತೆ. ಕಾರ್ಯಾಚರಣ ವ್ಯವಸ್ಥೆಯೇ ಕರೆದು ಹೇಳಬಾರದೇಕೆ? ಲಿನಕ್ಸ್‌ನ ಹಳೆಯ ಡಿನೋಟಿಫೈ, ಕಡತಕೋಶದಲ್ಲಿ ಏನೋ ಬದಲಾಯಿತೆಂದಷ್ಟೇ ಸೂಚಿಸುತ್ತಿತ್ತು. ಯಾವ ಕಡತವೆಂಬುದನ್ನು ನಾವೇ ಹುಡುಕಬೇಕಾಗಿತ್ತು. ಮೇಲಾಗಿ, ಕೋಶವನ್ನು ತೆರೆದೇ ಹಿಡಿದಿರಬೇಕಾದುದರಿಂದ ಸಿ.ಡಿ.ಯನ್ನು ಹೊರತೆಗೆಯುವುದೂ ತೊಡಕಾಗುತ್ತಿತ್ತು!

2005ರಲ್ಲಿ ಸೇರಿದ ಐನೋಟಿಫೈ, ಯಾವ ಕಡತಕ್ಕೆ ಏನಾಯಿತೆಂಬುದನ್ನು ಸರದಿಯ ಸಾಲಿನಲ್ಲಿಟ್ಟು ಒಪ್ಪಿಸುತ್ತದೆ. ಆ ಸಾಲಿಗೂ ಮಿತಿಯುಂಟು. ಸಾಮಾನ್ಯವಾಗಿ 16384 ಸುದ್ದಿಗಳು. ಅದು ತುಂಬಿತೆಂದರೆ ಮುಂದಿನವು ನಷ್ಟವಾಗುತ್ತವೆ. ಆದರೆ ನಷ್ಟವಾಯಿತೆಂಬ ಸುದ್ದಿಯನ್ನು ಅದು ಮರೆಮಾಚುವುದಿಲ್ಲ. ಇದರ ಹಿರಿಮೆಯೆಲ್ಲ ಇದರಲ್ಲಿಯೇ ಇದೆಯೆಂದು ನಮ್ಮ ಭಾವನೆ. ಕಡತಗಳ ನಕಲನ್ನು ಕಾಪಾಡುವ ಕ್ರಮವಿಧಿಯು ಆ ಸೂಚನೆ ಬಂದೊಡನೆ ಕೋಶವನ್ನೆಲ್ಲ ಮತ್ತೊಮ್ಮೆ ಓದತಕ್ಕದ್ದು. ಇಲ್ಲವಾದರೆ ನಿನ್ನೆಯ ಬರಹವೇ ಇಂದಿನದೆಂದು ನಂಬಿ ಕುಳಿತೀತು.