ಹಳೆ ತರಕಾರಿ ಬೀಜ ನೆನೆಸಿ ಹಾಕಿದ್ರೆ ಮೊಳೆಯುತ್ತಾ?

ಸುಬ್ರಹ್ಮಣ್ಯಪುರದ ನಮ್ಮ ಬೀದಿಯಲ್ಲಿ ತಾರಸಿ ಮೇಲೆ ತರಕಾರಿ ಬೆಳೆಯುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹೋದ ವರ್ಷದ ಬೀಜ ಉಳಿದಿದೆ, ರಾತ್ರಿ ನೆನೆಸಿ ಹಾಕಿದ್ರೆ ಬರುತ್ತಾ?" ಯಾವ ಬೀಜ, ಎಲ್ಲಿಟ್ಟಿದ್ರಿ ಅಂತ ನಾನು ಮೊದಲು ಕೇಳ್ತೀನಿ.

ಈರುಳ್ಳಿ ಬೀಜದ ಆಯಸ್ಸು ಬಹಳ ಕಡಿಮೆ. ಮನೆಯಲ್ಲಿ ಸುಮ್ಮನೆ ಇಟ್ಟು ಒಂದು ಮಳೆಗಾಲ ಕಳೆದರೆ ಮೊಳಕೆ ಪ್ರಮಾಣ ದಡಕ್ಕನೆ ಇಳಿಯುತ್ತದೆ. ಮೆಣಸಿನಕಾಯಿ ಬೀಜವೂ ಬೇಗ ಸೊರಗುತ್ತದೆ. ಟೊಮೆಟೊ, ಬದನೆ, ಸೌತೆ ಬೀಜಗಳು ಚೆನ್ನಾಗಿ ಒಣಗಿದ್ದರೆ ಮೂರು-ನಾಲ್ಕು ವರ್ಷ ತಾಳುತ್ತವೆ. ವಯಸ್ಸಿಗಿಂತ ಹೆಚ್ಚಾಗಿ ಬೀಜ ಕೆಡಿಸೋದು ತೇವ ಮತ್ತು ಸೆಕೆ. ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಅಥವಾ ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ತಗ್ಗಿದರೆ ಆಯಸ್ಸು ಸುಮಾರು ಇಮ್ಮಡಿ ಅನ್ನೋದು ಬೀಜ ತಜ್ಞರ ಹಳೆಯ ಲೆಕ್ಕ. ಹಳ್ಳಿಗಳಲ್ಲಿ ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯ ಬಾಯಿ ಕಟ್ಟುತ್ತಿದ್ದುದು ಇದಕ್ಕೇ.

ನೆನೆಸುವುದರಿಂದ ಲಾಭ ಇದೆ, ಆದರೆ ಎಲ್ಲಾ ಬೀಜಕ್ಕೂ ಅಲ್ಲ. ಹಾಗಲ, ಬೆಂಡೆಯ ಸಿಪ್ಪೆ ಗಟ್ಟಿ. ರಾತ್ರಿಯಿಡೀ ನೀರಲ್ಲಿದ್ದರೆ ಬೇಗ ಮೊಳೆಯುತ್ತವೆ. ಹುರುಳಿಕಾಯಿ (ಬೀನ್ಸ್) ಬೀಜ ನೆನೆಸಬೇಡಿ, ಬೇಳೆ ಸೀಳುತ್ತದೆ. ಹಳೆಯ ಬೀಜದ ಒಳಪೊರೆ ಶಿಥಿಲವಾಗಿರುತ್ತದೆ. ಒಮ್ಮೆಲೇ ನೀರಿಗೆ ಹಾಕಿದರೆ ಒಳಗಿನ ಸಕ್ಕರೆ ಹೊರಗೆ ಸೋರಿ, ಅದೇ ಬೂಷ್ಟಿಗೆ ಊಟ. ಅಂಥದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಿಧಾನವಾಗಿ ತೇವ ಕೊಡಿ. ಟ್ರೈಕೋಡರ್ಮಾ (ಕಿಲೋ ಬೀಜಕ್ಕೆ 4 ಗ್ರಾಂ) ಸಸಿ ಕೊಳೆಯದಂತೆ ಕಾಯುತ್ತದೆ, ಸತ್ತ ಬೀಜವನ್ನು ಎಬ್ಬಿಸುವುದಿಲ್ಲ. ಬಣ್ಣ ಬಳಿದ ಅಂಗಡಿ ಬೀಜಕ್ಕೆ ಔಷಧಿ ಹಾಕಿಯೇ ಇರುತ್ತಾರೆ. ಅದನ್ನು ತೊಳೆಯಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಅನುಮಾನ ಇದ್ದರೆ 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಟೊಮೆಟೊಗೆ ವಾರ, ಮೆಣಸಿನಕಾಯಿಗೆ ಎರಡು ವಾರ ಕಾಯಿರಿ. ಪ್ರಮಾಣಿತ ಬೀಜಕ್ಕೆ ಸರ್ಕಾರ ಇಟ್ಟಿರುವ ಕನಿಷ್ಠ ಮೊಳಕೆ ಟೊಮೆಟೊ, ಬದನೆ, ಈರುಳ್ಳಿಗೆ ಶೇ. 70, ಬೆಂಡೆಗೆ 65, ಮೆಣಸಿನಕಾಯಿಗೆ 60. ಅಂದರೆ ಟೊಮೆಟೊ 20ಕ್ಕೆ 14 ಬಂದರೆ ಧೈರ್ಯವಾಗಿ ಹಾಕಿ. ಹತ್ತು ಬಂದರೆ ಸ್ವಲ್ಪ ಒತ್ತಾಗಿ ಬಿತ್ತಿ. ನಾಲ್ಕೈದೇ ಬಂದರೆ ಬಿಸಾಕಿ. ಮೊಳೆತವೂ ಬಡಕಲು ಸಸಿಗಳೇ ಆಗುತ್ತವೆ.

ಕುಂಡದಲ್ಲಿ ಹುಟ್ಟದಿದ್ದರೆ ಮತ್ತೆ ಹಾಕಬಹುದು. ಎಕರೆಗೆ 3-4 ಕಿಲೋ ಈರುಳ್ಳಿ ಬೀಜ ಒಟ್ಲು ಹಾಕುವ ರೈತನಿಗೆ ಹಾಗಲ್ಲ. ಎರಡು ವಾರ ಕಾದು ಒಟ್ಲು ಬರಿದಾಗಿದ್ದರೆ ಹದ ಕೈತಪ್ಪಿರುತ್ತದೆ. ಅವರು ಬೀಜದ ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ನೋಡಲೇಬೇಕು. ಅಲ್ಲಿಂದ 9 ತಿಂಗಳಷ್ಟೇ ವಾಯಿದೆ.

ಉಳಿದ ಬೀಜವನ್ನು ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಇಡಿ. ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ತಂಪು ಆರಲಿ. ಇಲ್ಲದಿದ್ರೆ ಒಳಗೆ ಬೆವರು ಕೂರುತ್ತೆ.